ಅರ್ಧ ಲೀಟರಿಗೊಂದು ಹುಣಸೆ ಬೀಜ

ಇಂಗ್ಲಿಷ್ ಮೇಡಂ ಕೆಲಸದಿಂದ ನಿವೃತ್ತಿಯಾದ ಮೇಲೆ ಶಿವಮೊಗ್ಗದ ಗೋಪಾಳದ ಮನೆಯಲ್ಲಿ ಕೂತು ಕುಂಡದ ಗಿಡಗಳಿಗೆ ನೀರು ಹಾಕಿಕೊಂಡಿರುವುದು ನನ್ನಿಂದ ಆಗುವ ಕೆಲಸವಲ್ಲ ಎಂದು ಬೇಗನೇ ಗೊತ್ತಾಯಿತು. ಹಾಗಾಗಿ ಪಶುವೈದ್ಯ ಕಾಲೇಜಿನವರು ಫೋನ್ ಮಾಡಿ, ಹೊಸದಾಗಿ ಸೇರಿದ ಮಕ್ಕಳಿಗೆ ಬುನಾದಿ ಕೋರ್ಸಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತೀರಾ ಎಂದು ಕೇಳಿದಾಗ ಮರುಮಾತಿಲ್ಲದೆ ಒಪ್ಪಿದೆ. ಬೆಳಿಗ್ಗೆ ಹೊತ್ತು ಮಕ್ಕಳು ಕಾಲೇಜಿನ ಕೊಟ್ಟಿಗೆಯಲ್ಲಿ ದನ ಹಿಡಿಯುವುದು, ಹಗ್ಗ ಕಟ್ಟುವುದು, ಹಾಲು ಕರೆಯುವುದು ಕಲಿಯಬೇಕು. ಮಧ್ಯಾಹ್ನ ನನ್ನ ಇಂಗ್ಲಿಷ್. ಇದರ ಜೊತೆಗೆ ಇಬ್ಬಿಬ್ಬರು ಸೇರಿ ಒಂದು ಚಿಕ್ಕ ಸಂಶೋಧನೆ ಮಾಡಿ, ಕೋರ್ಸಿನ ಕೊನೆಯ ಸೋಮವಾರ ಅದನ್ನು ಎಲ್ಲರೆದುರು ಇಂಗ್ಲಿಷಿನಲ್ಲಿ ಮಂಡಿಸಬೇಕು. ಮಂಡಿಸದವರು ಮುಂದಿನ ವರ್ಷ ಹೊಸ ಮಕ್ಕಳ ಜೊತೆ ಕೂತು ಇಷ್ಟನ್ನೂ ಮತ್ತೆ ಮಾಡಬೇಕಿತ್ತು.

ಮೊದಲ ದಿನ ನಾನು ಬೋರ್ಡಿನ ಮೇಲೆ ಎರಡೇ ವಾಕ್ಯ ಬರೆದೆ. ಐ ಡು ನಾಟ್ ನೋ. ಐ ವಿಲ್ ಫೈಂಡ್ ಔಟ್. ನನಗೆ ಗೊತ್ತಿಲ್ಲ, ತಿಳಿದುಕೊಳ್ಳುತ್ತೇನೆ. ಇಷ್ಟನ್ನು ನಾಚಿಕೆ ಬಿಟ್ಟು ಹೇಳಲು ಬಂದರೆ ಅರ್ಧ ಇಂಗ್ಲಿಷ್ ಬಂತು ಅಂತ ತಿಳ್ಕೊಳ್ಳಿ ಎಂದೆ. ಮಕ್ಕಳು ನಕ್ಕರು. ಪಿಯುಸಿಯಲ್ಲಿ ತೊಂಬತ್ತರ ಮೇಲೆ ತೆಗೆದು ಬಂದ ಮಕ್ಕಳಿಗೆ ಗೊತ್ತಿಲ್ಲ ಎನ್ನುವುದನ್ನು ಕಲಿಯಲು ಮೇಷ್ಟ್ರು ಯಾಕೆ ಬೇಕು ಎನ್ನಿಸಿರಬೇಕು. ಹಿಂದಿನ ಬೆಂಚಿನಲ್ಲಿ ಮಾತ್ರ ಒಬ್ಬ ಹುಡುಗಿ ನಗದೆ, ತುಟಿ ಅಲ್ಲಾಡಿಸುತ್ತ ಆ ವಾಕ್ಯಗಳನ್ನು ತನ್ನಷ್ಟಕ್ಕೇ ಹೇಳಿ ನೋಡುತ್ತಿದ್ದಳು. ಹೆಸರು ಕೇಳಿದೆ. ಸುಷ್ಮಾ, ಭದ್ರಾವತಿ ಎಂದಳು. ಇಂಗ್ಲಿಷಿನಲ್ಲಿ ಇನ್ನೊಂದು ಮಾತು ಹೇಳು ಎಂದರೆ ನೆಲ ನೋಡಿದಳು.

ಅವಳ ಅಪ್ಪ ಹೂವಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಮಾಡುತ್ತಿದ್ದವರು, ಈಗ ಲಗೇಜ್ ಆಟೋ ಓಡಿಸುತ್ತಾರೆ. ಅಮ್ಮ ವಿಶಾಲಮ್ಮ ಹಳೆ ಕ್ವಾರ್ಟರ್ಸಿನ ಹಿತ್ತಲಲ್ಲಿ ಹಸು ಕಟ್ಟಿಕೊಂಡು ಸುತ್ತಲಿನ ಮನೆಗಳಿಗೆ ಹಾಲು ಹಾಕುತ್ತಾರೆ. ಆ ಸಾಲಿನಲ್ಲಿ ಕನ್ನಡದವರು, ತಮಿಳರು, ತೆಲುಗರು ಎಲ್ಲ ಇದ್ದಾರೆ, ಹೆಚ್ಚುಕಡಿಮೆ ಎಲ್ಲರ ಹಿತ್ತಲಲ್ಲೂ ಒಂದು ಹಸು ಇದೆ. ಸುಷ್ಮಾ ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಬೆಳಿಗ್ಗೆ ಸೈಕಲ್ಲಿಗೆ ಹಾಲಿನ ಕ್ಯಾನು ನೇತುಹಾಕಿಕೊಂಡು ಮನೆಮನೆಗೆ ಹಾಕಿ, ಆಮೇಲೆ ಅದೇ ಸೈಕಲ್ಲಿನಲ್ಲಿ ಸ್ಕೂಲಿಗೆ ಹೋಗಿ ಓದಿದವಳು.

ನನ್ನ ಕ್ಲಾಸಿನಲ್ಲಿ ಬಾಯಿ ಬಿಡದ ಈ ಹುಡುಗಿ ಕೊಟ್ಟಿಗೆಯಲ್ಲಿ ಹೇಗಿರುತ್ತಾಳೆ ನೋಡೋಣ ಎಂದು ಒಂದು ಬೆಳಿಗ್ಗೆ ಹೋದೆ. ನಾನು ಹಸುವಿಗೆ ಹೆದರುವವಳು, ಕಂಬದ ಹಿಂದೆ ನಿಂತೆ. ಅವಳ ಪ್ರಾಜೆಕ್ಟಿನ ಜೊತೆಗಾರ ವೀರೇಂದ್ರ, ಕೋಟೆ ರಸ್ತೆಯ ಬಟ್ಟೆ ಅಂಗಡಿಯವರ ಮಗ, ಹಗ್ಗ ಕೈಯಲ್ಲಿ ಹಿಡಿದು ಹಸುವನ್ನು ಎಡಗಡೆಯಿಂದ ಸಮೀಪಿಸಬೇಕೋ ಬಲಗಡೆಯಿಂದಲೋ ಎಂದು ಪುಸ್ತಕದ ಪಾಠ ನೆನಪಿಸಿಕೊಳ್ಳುತ್ತಿದ್ದ. ಆ ಹುಡುಗ ಪಶುವೈದ್ಯಕ್ಕೆ ಸೇರಿದ್ದೇ ಆನೆಗಾಗಿ. ಚಿಕ್ಕಂದಿನಲ್ಲಿ ಸಕ್ರೆಬೈಲಿನ ಬಿಡಾರದಲ್ಲಿ ಆನೆಗಳ ಸ್ನಾನ ನೋಡಿದವನು ಅಲ್ಲೇ ಮನಸ್ಸು ಬಿಟ್ಟು ಬಂದಿದ್ದ, ಹಸು ಅವನಿಗೆ ಆನೆಯ ದಾರಿಯಲ್ಲಿ ಸಿಕ್ಕ ತಾಪತ್ರಯ. ಕೋರ್ಸ್ ಮುಗಿಸಿದವರನ್ನು ಸಕ್ರೆಬೈಲಿಗೆ ಕರೆದುಕೊಂಡು ಹೋಗುತ್ತಾರೆ ಎಂಬ ಒಂದೇ ಆಸೆಯ ಮೇಲೆ ಅವನು ಸಗಣಿ ಬಾಚುತ್ತಿದ್ದ.

"ಮಾರಾಯ, ಅದು ನಿನ್ನ ನೋಡ್ತಿದೆ. ನೀನು ಹಗ್ಗ ನೋಡ್ತಿದೀಯ," ಎಂದಳು ಸುಷ್ಮಾ. ಆಮೇಲೆ ಅವನ ಕೈ ಹಿಡಿದು ಹಸುವಿನ ಕತ್ತಿನ ಕೆಳಗೆ ಜೋಲುವ ಗಂಗೆದೊಗಲಿನ ಮೇಲಿಟ್ಟು ತುರಿಸಲು ಹೇಳಿದಳು. ಹಸು ಕತ್ತು ಚಾಚಿತು. ಹಗ್ಗ ತಾನಾಗಿ ಕೊರಳಿಗೆ ಬಿತ್ತು. ಹುಡುಗಿಯ ಬಾಯಿ ಬಿಡಿಸುವುದು ಹೇಗೆಂದು ನನಗೆ ಅಲ್ಲೇ ಹೊಳೆಯಿತು. ಮಾರನೆಯ ದಿನದಿಂದ ನನ್ನ ಪಾಠವನ್ನೂ ಕೊಟ್ಟಿಗೆಗೆ ಸಾಗಿಸಿದೆ. ಕೈ ಮಾಡುವ ಕೆಲಸವನ್ನು ಬಾಯಿ ಇಂಗ್ಲಿಷಿನಲ್ಲಿ ಹೇಳಬೇಕು, ಅಷ್ಟೇ ನಿಯಮ. ಸುಷ್ಮಾ ತಡವರಿಸುತ್ತ ತಡವರಿಸುತ್ತ ಮಾತಾಡತೊಡಗಿದಳು. ತಪ್ಪು ಬಂದರೆ ನಿಂತು, ಹಿಂದೆ ಹೋಗಿ, ವಾಕ್ಯವನ್ನು ಮೊದಲಿನಿಂದ ಹೇಳುತ್ತಿದ್ದಳು. ಅವಳ ಒಂದು ವಾಕ್ಯ ಮುಗಿಯುವಷ್ಟರಲ್ಲಿ ಹಸುವಿಗೂ ಬೇಸರ ಬರುತ್ತಿತ್ತು, ಅವಳಿಗೆ ಬರುತ್ತಿರಲಿಲ್ಲ.

ಇವರಿಬ್ಬರ ಸಂಶೋಧನೆ ಭದ್ರಾವತಿಯ ಆ ಹಳೆ ಕ್ವಾರ್ಟರ್ಸ್ ಸಾಲಿನ ಬಗ್ಗೆಯೇ. ಹಸುಗಳಿಗೆ ಏನು ಮೇವು ಹಾಕುತ್ತಾರೆ, ಅವು ಎಷ್ಟು ಹಾಲು ಕೊಡುತ್ತವೆ ಎಂದು ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡು ಬಂದಿದ್ದರು. ಕೋರ್ಸಿನ ಹೊಣೆ ಹೊತ್ತ ರೇಣುಕಾಪ್ರಸಾದ್ ಅದನ್ನು ನೋಡಿ ಚೆನ್ನಾಗಿದೆ ಎಂದಿದ್ದರು. ಮೇವು ಬೇಕಾದಷ್ಟು ಹಾಕುತ್ತಾರೆ, ಹಸುಗಳೂ ಒಳ್ಳೆಯ ಮಿಶ್ರತಳಿಯವು, ಆದರೆ ಹಾಲು ಮಾತ್ರ ದಿನಕ್ಕೆ ಮೂರು ಲೀಟರೂ ದಾಟುವುದಿಲ್ಲ. ಆದ್ದರಿಂದ ಕೊನೆಯಲ್ಲಿ ಇಂಗ್ಲಿಷಿನಲ್ಲಿ ಒಂದು ತೀರ್ಮಾನ ಬರೆದಿದ್ದರು: ಮಾಲೀಕರಿಗೆ ವೈಜ್ಞಾನಿಕ ಸಾಕಣೆಯ ಅರಿವಿಲ್ಲದಿರುವುದೇ ಕಡಿಮೆ ಹಾಲಿಗೆ ಕಾರಣ, ಅವರಿಗೆ ತರಬೇತಿ ಅಗತ್ಯ. ವೀರೇಂದ್ರ ಯಾವುದೋ ಹಳೆ ವರದಿಯಿಂದ ಎತ್ತಿಕೊಂಡ ವಾಕ್ಯ. ಇಂಥ ವಾಕ್ಯಗಳಿಗೆ ನಮ್ಮ ದೇಶದಲ್ಲಿ ಬರಗಾಲವಿಲ್ಲ. ಯಾವ ವರದಿಗೆ ಬೇಕಾದರೂ ಹೊಂದುತ್ತವೆ.

ಮಂಡನೆಗೆ ಇನ್ನೊಂದು ವಾರವಿರುವಾಗ ಸುಷ್ಮಾ ಆ ಹಾಳೆ ಹಿಡಿದು ನನ್ನ ಬಳಿ ಬಂದಳು.

"ಮೇಡಂ, ಈ ವಾಕ್ಯ ತೆಗೀಬೇಕು."

"ಯಾಕೆ? ವ್ಯಾಕರಣ ಸರಿ ಇದೆಯಲ್ಲ."

"ವ್ಯಾಕರಣ ಸರಿ ಇದೆ ಮೇಡಂ. ಮಾತು ಸುಳ್ಳು."

ಅಂಕಿಗಳನ್ನು ಕಂಪ್ಯೂಟರಿಗೆ ಹಾಕುತ್ತ ಹೋದವಳು ಒಂದು ಮನೆಯ ಅಂಕಿಯ ಮುಂದೆ ನಿಂತುಬಿಟ್ಟಿದ್ದಳು. ಆ ಮನೆಯ ಹಾಲು ದಿನಕ್ಕೆ ಎರಡು ಲೀಟರ್ ಎಂದಿತ್ತು. ಅದು ಅವಳದೇ ಮನೆ, ಬರೆದದ್ದು ಅವಳದೇ ಕೈ. ಸಮೀಕ್ಷೆಗೆ ಹೋದ ದಿನ ವೀರೇಂದ್ರ ಬಾಗಿಲಲ್ಲಿ ನಿಂತು ವಿಶಾಲಮ್ಮನನ್ನು ಕೇಳಿದ್ದ, ಹಸು ಎಷ್ಟು ಹಾಲು ಕೊಡುತ್ತೆ ಎಂದು. ಅವರು, "ಎಲ್ಲಿ ಬಿಡಪ್ಪ, ಎರಡು ಲೀಟರ್ ಕೊಟ್ರೆ ಹೆಚ್ಚು. ಕರುವಿಗೇ ಸಾಲಲ್ಲ," ಎಂದಿದ್ದರು. ಪಕ್ಕದಲ್ಲಿ ನಿಂತಿದ್ದ ಸುಷ್ಮಾ ಕಣ್ಣು ಮಿಟುಕಿಸದೆ ಎರಡು ಎಂದು ಬರೆದುಕೊಂಡಿದ್ದಳು. ಪ್ರತಿದಿನ ತುಂಬಿ ತುಳುಕುವ ಕ್ಯಾನನ್ನು ವರ್ಷಗಟ್ಟಲೆ ಸೈಕಲ್ಲಿಗೆ ನೇತುಹಾಕಿದವಳು.

ಹಸು ಸಾಕದವರಿಗೆ ಇದು ವಿಚಿತ್ರ ಅನ್ನಿಸಬಹುದು. ಹಸುವಿನ ಹಾಲಿನ ಲೆಕ್ಕವನ್ನು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಹೇಳಿದರೆ ದೃಷ್ಟಿ ತಾಗುತ್ತದೆ, ಕೆಚ್ಚಲು ಬತ್ತುತ್ತದೆ. ಯಾರಾದರೂ ಕೇಳಿದರೆ ಅರ್ಧವೋ ಕಾಲೋ ಹೇಳಿ, ಕರುವಿಗೇ ಸಾಲದು ಎಂದು ಸೇರಿಸಬೇಕು. ಮನೆಯಿಂದ ಹೊರಡುವವರು ಹೋಗ್ತೀನಿ ಅನ್ನದೆ ಹೋಗಿ ಬರ್ತೀನಿ ಅನ್ನುತ್ತಾರಲ್ಲ, ಹಾಗೆ. ಅದನ್ನು ಸುಳ್ಳು ಎಂದು ಯಾರೂ ಎಣಿಸುವುದಿಲ್ಲ. ಕೇಳುವವರೂ ಹಸು ಸಾಕಿದವರಾದರೆ ಮನಸ್ಸಿನಲ್ಲೇ ಗುಣಿಸಿಕೊಳ್ಳುತ್ತಾರೆ. ಸುಷ್ಮಾಳಿಗೂ ಹುಟ್ಟಿನಿಂದ ಇದೇ ಅಭ್ಯಾಸ, ಹಾಗಾಗಿ ಬರೆಯುವಾಗ ಅವಳಿಗೆ ಏನೂ ಅನ್ನಿಸಿರಲಿಲ್ಲ. ಇಡೀ ಸಾಲು ಹಾಗೇ ಹೇಳಿತ್ತು, ಇವರು ಹಾಗೇ ಬರೆದಿದ್ದರು. ಈಗ ಅದೇ ಸಂಖ್ಯೆಗಳು ಸಾಲುಗಟ್ಟಿ ನಿಂತು, ಅವಳ ಅಮ್ಮನಿಗೆ ಹಸು ಸಾಕಲು ಬರುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದವು.

"ಆ ಹಸು ಹಾಲಲ್ಲೇ ನಾನು ಇಲ್ಲಿತನಕ ಬಂದಿರೋದು ಮೇಡಂ," ಎಂದಳು. ಅವಳ ದನಿ ಗಟ್ಟಿಯಾಗಿಯೇ ಇತ್ತು. ಅವಳನ್ನೂ ವೀರೇಂದ್ರನನ್ನೂ ರೇಣುಕಾಪ್ರಸಾದರ ಕೋಣೆಗೆ ಕರೆದುಕೊಂಡು ಹೋದೆ.

ರೇಣುಕಾಪ್ರಸಾದ್ ಕೆಟ್ಟವರಲ್ಲ. ಗಡಿಯಾರದ ಮನುಷ್ಯ, ಅಷ್ಟೇ. ಅವಳ ಮಾತನ್ನು ಪೂರ್ತಿ ಕೇಳಿ, ಕನ್ನಡಕ ತೆಗೆದು ಒರೆಸಿದರು.

"ನೋಡಮ್ಮ, ಇದು ಕಲಿಯೋದಕ್ಕೆ ಮಾಡೋ ಪ್ರಾಜೆಕ್ಟು. ಹಾಲು ಜಾಸ್ತಿ ಇರಬಹುದು ಅಂತ ಕೊನೇಲಿ ಒಂದು ಸಾಲು ಸೇರಿಸು, ಮುಗೀತು. ಸೋಮವಾರ ಮಂಡಿಸ್ಲಿಲ್ಲ ಅಂದ್ರೆ ನನ್ ಕೈಲಿ ಏನೂ ಇಲ್ಲ."

"ಮಂಡಿಸ್ತೀನಿ ಸರ್. ಇದನ್ನಲ್ಲ. ಹಾಲು ಅಳೆದು ಬರ್ತೀನಿ."

"ಹೇಳೋಕೇ ಹೆದರೋರು ಅಳೆಯೋಕೆ ಬಿಡ್ತಾರಾ?"

ಸುಷ್ಮಾ ನಾನು ಕಲಿಸಿದ ಎರಡು ವಾಕ್ಯಗಳನ್ನು ಹೇಳಿ, ಭದ್ರಾವತಿಯ ಬಸ್ಸು ಹತ್ತಿದಳು. ವೀರೇಂದ್ರ ಹೊರಗೆ ಬಂದು ತಲೆ ಮೇಲೆ ಕೈ ಹೊತ್ತು ಕೂತ. ಇವಳು ಸೋತರೆ ಅವನೂ ಸೋತಂತೆ, ಆನೆಯೂ ಹೋದಂತೆ.

ವಿಶಾಲಮ್ಮ ಮೊದಲು ಸುತಾರಾಂ ಒಪ್ಪಲಿಲ್ಲ. ಅವರ ಭಯಕ್ಕೆ ಕಾರಣವಿತ್ತು. ಹಿಂದೊಮ್ಮೆ ಮನೆಯಲ್ಲಿದ್ದ ಹಸುವನ್ನು ಮದುವೆಗೆ ಬಂದ ನೆಂಟರೊಬ್ಬರು ಹಿತ್ತಲಲ್ಲಿ ನೋಡಿ, ಒಂದು ಹೊತ್ತಿಗೇ ಇಷ್ಟು ಕರೀತೀಯಾ ಎಂದು ಎಲ್ಲರೆದುರು ಕೊಂಡಾಡಿದ್ದರು. ಅದೇ ವಾರ ಕೆಚ್ಚಲು ಕಲ್ಲಾಯಿತು, ಹಸುವನ್ನು ಮಾರಬೇಕಾಯಿತು. ಈಗಿರುವ ಚಂದ್ರಿ ಅದರ ಕರು.

"ನಿನ್ ಕಾಲೇಜಿಗೋಸ್ಕರ ಚಂದ್ರೀನ ಬಲಿ ಕೊಡ್ಲಾ?" ಎಂದು ಕೇಳಿದರಂತೆ.

ಸುಷ್ಮಾ ವಾದ ಮಾಡಲಿಲ್ಲ. ದೃಷ್ಟಿ ಗಿಷ್ಟಿ ಇಲ್ಲ ಎಂದು ಅಮ್ಮನಿಗೆ ಪಾಠ ಹೇಳುವ ಧಿಮಾಕು ಅವಳಿಗೆ ಒಂದು ಕಾಲೇಜಿನ ಸೀಟಿನಿಂದ ಬಂದಿರಲಿಲ್ಲ. ಹಸು ಕಟ್ಟುವ ಹಟ್ಟಿಯ ಬಾಗಿಲಲ್ಲಿ ಕೂತು ಯೋಚಿಸಿದಳು. ಆಮೇಲೆ ಒಂದು ಪ್ರಶ್ನೆ ಕೇಳಿದಳು: "ಅಮ್ಮ, ದೃಷ್ಟಿ ತಾಗ್ಬೇಕು ಅಂದ್ರೆ ಯಾರ ಹಸು ಅಂತ ಗೊತ್ತಿರಬೇಕಲ್ವಾ?"

"ಮತ್ತೆ? ಊರಿನ ಹಸುಗೆಲ್ಲ ಒಟ್ಟಿಗೆ ಯಾರು ದೃಷ್ಟಿ ಹಾಕ್ತಾರೆ?"

"ಯಾರ ಮನೆ, ಯಾವ ಹಸು ಅಂತ ನಂಗೂ ಗೊತ್ತಾಗ್ದಿರೋ ಹಂಗೆ ಅಳೆದ್ರೆ?"

ಸಂಶೋಧನೆಯ ಕ್ಲಾಸಿನಲ್ಲಿ ರೇಣುಕಾಪ್ರಸಾದರು ಮಾಹಿತಿ ಕೊಟ್ಟವರ ಹೆಸರು ಗುಟ್ಟಾಗಿಡಬೇಕು ಎಂದು ಹೇಳಿಕೊಟ್ಟಿದ್ದರು. ಮಕ್ಕಳು ಅದನ್ನು ಪರೀಕ್ಷೆಗೆ ಬರುವ ಪ್ರಶ್ನೆಯೆಂದು ಗುರುತು ಮಾಡಿಕೊಂಡಿದ್ದರು. ಇವಳು ಅದನ್ನು ಹಟ್ಟಿಗೆ ತಂದಳು. ಒಂದು ಬಾಯಿ ಕಿರಿದಾದ ಮಣ್ಣಿನ ಮಡಕೆ. ಎಲ್ಲ ಮನೆಗೂ ಒಂದೇ ಅಳತೆಯ ಅರ್ಧ ಲೀಟರಿನ ಸ್ಟೀಲ್ ಲೋಟ, ಶಿವಮೊಗ್ಗದ ಗಾಂಧಿ ಬಜಾರಿನಿಂದ ತಂದು ಕಾಲೇಜಿನ ಗಾಜಿನ ಅಳತೆಯಲ್ಲಿ ಪರೀಕ್ಷಿಸಿದ್ದು. ದಿನವೂ ಎರಡು ಹೊತ್ತು ಹಾಲು ಕರೆದ ಮೇಲೆ ಪ್ರತಿ ಮನೆಯವರೂ ತಮ್ಮ ಹಿತ್ತಲಲ್ಲೇ ಅಳೆದುಕೊಂಡು, ಅರ್ಧ ಲೀಟರಿಗೆ ಒಂದರಂತೆ ಹುಣಸೆ ಬೀಜವನ್ನು ಮುಷ್ಟಿಯಲ್ಲಿ ತಂದು ಮಡಕೆಗೆ ಹಾಕಬೇಕು. ಬಾಯಿ ಬಿಡುವಂತಿಲ್ಲ. ಒಬ್ಬರ ಮುಷ್ಟಿಯಲ್ಲಿ ಎಷ್ಟಿದೆ ಎಂದು ಇನ್ನೊಬ್ಬರಿಗೆ ಕಾಣುವಂತಿಲ್ಲ. ಸಂಜೆ ಮಡಕೆ ಸುರಿದು ಒಟ್ಟು ಬೀಜ ಎಣಿಸಿ, ಸಾಲಿನಲ್ಲಿರುವ ಕರೆಯುವ ಹಸುಗಳಿಗೆ ಭಾಗಿಸಿದರೆ ಆಯಿತು. ಚೌಕಾಬಾರ ಆಡಿ ಬೆಳೆದವರ ಮನೆಯಲ್ಲಿ ಹುಣಸೆ ಬೀಜಕ್ಕೇನು ಕೊರತೆ.

ವಿಶಾಲಮ್ಮ ಒಂದು ಷರತ್ತು ಹಾಕಿದರು. ಮಡಕೆ ಯಾರ ಮನೆಯ ಜಗುಲಿಯ ಮೇಲೂ ಇರಕೂಡದು. ಸಾಲಿನ ಕೊನೆಯ ಬೇವಿನ ಮರದ ಕೆಳಗೆ ಚೌಡಮ್ಮನ ಕಲ್ಲಿದೆ, ಅದರ ಮುಂದೆ ಇರಬೇಕು. "ಅವಳು ನೋಡ್ಕೊಳ್ತಾಳೆ. ಏನಾದ್ರೂ ಆದ್ರೆ ಅವಳನ್ನೇ ಕೇಳ್ತೀನಿ," ಎಂದು ತಾವೇ ಎದ್ದು ಮನೆಮನೆಗೆ ಹೊರಟರು. ಮಗಳು ಹೋಗಿದ್ದರೆ ಕಾಲೇಜಿನ ಹುಡುಗಿ ಬಂದಿದ್ದಾಳೆ ಎಂದು ಎಲ್ಲರೂ ಮತ್ತೆ ಎರಡು ಲೀಟರಿನ ಕಥೆ ಹೇಳುತ್ತಿದ್ದರು. ವಿಶಾಲಮ್ಮನಿಗೆ ಆ ಕಥೆ ಹೇಳುವ ಧೈರ್ಯ ಆ ಸಾಲಿನಲ್ಲಿ ಯಾರಿಗಿದೆ?

ಮಂಗಳವಾರ ಮಡಕೆ ಕೂತಿತು. ಸುಷ್ಮಾ ಬೆಳಿಗ್ಗೆ ಚಂದ್ರಿಯ ಹಾಲು ತಾನೇ ಕರೆದು, ಬಸ್ಸು ಹಿಡಿದು ಕ್ಲಾಸಿಗೆ ಬಂದು, ಸಂಜೆ ಓಡುತ್ತಿದ್ದಳು. ಬುಧವಾರ ಬಂದವಳ ಮುಖ ಅರಳಿತ್ತು. ಎಷ್ಟು ಬಂತು ಎಂದು ಕೇಳಿದೆ. "ಮುಗೀಲಿ ಮೇಡಂ," ಎಂದಳು. ಅವಳೂ ಆ ಸಾಲಿನವಳೇ ತಾನೆ.

ಗುರುವಾರ ಅವಳು ಬರಲಿಲ್ಲ. ಫೋನ್ ಎತ್ತಲಿಲ್ಲ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹಳೆ ವಿದ್ಯಾರ್ಥಿಗಳು ಹೇಳುವುದುಂಟು, ಅದು ನಿಜ. ಇನ್ನು ಮೂರು ದಿನ ಇಟ್ಟುಕೊಂಡು ಕ್ಲಾಸು ತಪ್ಪಿಸುತ್ತಾಳಾ ಎಂದು, ಮಧ್ಯಾಹ್ನ ವೀರೇಂದ್ರನ ಬೈಕಿನ ಹಿಂದೆ ಕೂತು ಬಿ.ಎಚ್. ರಸ್ತೆಯಲ್ಲಿ ಭದ್ರಾವತಿಗೆ ಹೊರಟೆ. ಈ ವಯಸ್ಸಿನಲ್ಲಿ ಬೈಕ್ ಯಾಕೆ ಎಂದು ನನ್ನ ಮಗಳು ಆಮೇಲೆ ಬೈದಳು. ಬೈಕಿನ ಮೇಲೆ ನನಗೆ ಅನ್ನಿಸಿದ್ದೂ ಅದೇ.

ಹೋಗಿ ನೋಡಿದರೆ ಸುಷ್ಮಾ ಹಿತ್ತಲಲ್ಲಿ ಚಂದ್ರಿಯ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದಳು. ಬೆಳಿಗ್ಗೆ ಕರೆಯುವ ಮೊದಲು, ಕಾಲೇಜಿನ ಕೊಟ್ಟಿಗೆಯಲ್ಲಿ ಕಲಿಸಿದಂತೆ, ಪ್ರತಿ ಮೊಲೆಯ ಮೊದಲ ಹಾಲನ್ನು ಒಂದು ಕಪ್ಪು ಬಟ್ಟೆಯ ಮೇಲೆ ಹಿಂಡಿದ್ದಳು. ಒಂದು ಮೊಲೆಯ ಹಾಲಿನಲ್ಲಿ ಬಿಳಿ ಚೂರುಗಳು ಕಂಡವು. ಮುಟ್ಟಿದರೆ ಆ ಭಾಗ ಬಿಸಿ. ಕೆಚ್ಚಲು ಬಾವು ಶುರುವಾಗಿತ್ತು. ಹೂವಪ್ಪ ಆಟೋದಲ್ಲಿ ಹೋಗಿ ಪಶು ಆಸ್ಪತ್ರೆಯ ಡಾಕ್ಟರನ್ನು ಕರೆತಂದರು. ಅವರು ಔಷಧಿ ಕೊಟ್ಟು, ಕೆಚ್ಚಲು ಇನ್ನೂ ಗಟ್ಟಿಯಾಗಿಲ್ಲ, ಬೇಗ ನೋಡಿದ್ದೀರಿ, ಉಳಿಯುತ್ತದೆ, ಕೆಟ್ಟ ಹಾಲನ್ನು ಆಗಾಗ ಹಿಂಡಿ ಚೆಲ್ಲುತ್ತಿರಿ ಎಂದು ಹೇಳಿ ಹೋಗಿದ್ದರು. ಅವಳು ಬೆಳಗಿನಿಂದ ಅದನ್ನೇ ಮಾಡುತ್ತಿದ್ದಳು. ಚಂದ್ರಿ ನೋವಿಗೆ ಕಾಲು ಝಾಡಿಸಿದಾಗಲೆಲ್ಲ ಅದರ ತೊಡೆಗೆ ತಲೆ ಆನಿಸಿ, ಒಂದೇ ಸಮನೆ ಏನೋ ಹೇಳುತ್ತ ಹಿಂಡುತ್ತಿದ್ದಳು. ನನ್ನ ಕೋಪ ಎಲ್ಲಿ ಹೋಯಿತೋ. ಹಿತ್ತಲ ಕಂಬದ ಮರೆಯಿಂದ ಮುಂದೆ ಬಂದು, ಜೀವನದಲ್ಲಿ ಮೊದಲ ಸಲ ಒಂದು ಹಸುವಿನ ಹಗ್ಗ ಹಿಡಿದು ನಿಂತೆ.

ವಿಶಾಲಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದರು. ಮಗಳಿಗೆ ಒಂದು ಮಾತೂ ಅಂದಿರಲಿಲ್ಲವಂತೆ. ಬೈದಿದ್ದರೆ ಚೆನ್ನಾಗಿತ್ತು ಎಂದು ಸುಷ್ಮಾ ನನಗೆ ಮೆಲ್ಲಗೆ ಹೇಳಿದಳು. ಆಮೇಲೆ ಅಮ್ಮನ ಕಡೆ ತಿರುಗಿ, "ಅಮ್ಮ, ನೀನು ಬೇಡ ಅಂದ್ರೆ ಮಡಕೆ ತೆಗೀತೀನಿ. ಮುಂದಿನ ವರ್ಷ ಕೂರ್ತೀನಿ," ಎಂದಳು.

ವಿಶಾಲಮ್ಮ ಎದ್ದು ಒಳಗೆ ಹೋದರು.

ಸಂಜೆ ಹೊತ್ತಿಗೆ ಸಾಲಿಗೆಲ್ಲ ಸುದ್ದಿ ಹಬ್ಬಿತ್ತು. ಬೇವಿನ ಮರದ ಕೆಳಗೆ ಹೆಂಗಸರು ಸೇರಿದ್ದರು, ಯಾರ ಮುಷ್ಟಿಯಲ್ಲೂ ಬೀಜವಿರಲಿಲ್ಲ. ಪಕ್ಕದ ಮನೆಯ ಸೌಂದರ್ಯ, ಮಕ್ಕಳನ್ನೆಲ್ಲ ಮುದ್ದಿಗೆ ಕಣ್ಣು ಎಂದು ಕರೆಯುವ ತಮಿಳಿನವರು, ಎಲ್ಲರ ಪರವಾಗಿ ಮಾತಾಡಿದರು. ಅವರ ದನಿಯಲ್ಲಿ ಜಗಳವಿರಲಿಲ್ಲ, ಹೆದರಿಕೆಯಿತ್ತು.

"ಸುಷ್ಮಾ, ತಪ್ಪು ತಿಳ್ಕೋಬೇಡ ಕಣ್ಣು. ನಮ್ದು ಒಂದೇ ಹಸು. ನಿಮ್ಮನೇದಕ್ಕೇ ಹಿಂಗಾಯ್ತು ಅಂದ್ಮೇಲೆ ನಮಗೆ ಬೇಡಮ್ಮ ಇದು."

ಸುಷ್ಮಾ ತಲೆಯಾಡಿಸಿದಳು. ಮಡಕೆ ಎತ್ತಿಕೊಳ್ಳಲು ಬಗ್ಗಿದಳು. ಅಷ್ಟರಲ್ಲಿ ವಿಶಾಲಮ್ಮ ಬಂದರು. ಸೆರಗಿನೊಳಗೆ ಮುಷ್ಟಿ ಇತ್ತು. ಮಗಳ ಕೈಯನ್ನು ಪಕ್ಕಕ್ಕೆ ಸರಿಸಿ, ಚೌಡಮ್ಮನಿಗೆ ಕೈಮುಗಿದು, ಮುಷ್ಟಿಯನ್ನು ಮಡಕೆಯ ಬಾಯೊಳಗೆ ಇಳಿಸಿ ಬಿಟ್ಟರು. ಬೀಜ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು. ಎಷ್ಟು ಬಿದ್ದವು ಎಂದು ಯಾರಿಗೂ ಗೊತ್ತಾಗಲಿಲ್ಲ.

"ತಾಗಿದ್ರೆ ನನ್ ಹಸುಗೆ ತಾನೇ ತಾಗಿದ್ದು," ಎಂದರು. "ನಾನು ಹಾಕ್ತಿದೀನಿ. ಇವಳು ಬೆಳಿಗ್ಗೆ ಆ ಬಟ್ಟೆ ಮೇಲೆ ಹಿಂಡಿ ನೋಡ್ದೇ ಇದ್ದಿದ್ರೆ ನಂಗೆ ನಾಳಿದ್ದು ಗೊತ್ತಾಗ್ತಿತ್ತು, ಹಳೇ ಹಸುದು ಗೊತ್ತಾದ ಹಂಗೆ. ಅಷ್ಟೊತ್ತಿಗೆ ಅದರ ಕೆಚ್ಚಲು ಕಲ್ಲಾಗಿತ್ತು. ನಿಮಗೆ ಬೇಡ ಅಂದ್ರೆ ಬಿಡಿ, ನಾನೊಬ್ಬಳೇ ಹಾಕ್ತೀನಿ. ಆದರೆ ನನ್ ಮಗಳ ಕೈಲಿ ಮಡಕೆ ಎತ್ತಿಸಬೇಡಿ."

ಮೊದಲು ಸೌಂದರ್ಯ ಮನೆಯ ಕಡೆ ನಡೆದರು. ಹೋದರು ಎಂದುಕೊಂಡೆ. ಲೋಟದಲ್ಲಿ ಅಳೆದು, ಸೆರಗಿನೊಳಗೆ ಮುಷ್ಟಿ ಮುಚ್ಚಿಕೊಂಡು ವಾಪಸ್ಸು ಬಂದರು. ಆಮೇಲೆ ಒಬ್ಬೊಬ್ಬರೇ ಹೋಗಿ ಬಂದರು. ಕೊನೆಯವರು ಬೀಜ ಹಾಕುವಾಗ, "ಆ ಕಪ್ಪು ಬಟ್ಟೆ ಹೆಂಗೆ ಅಂತ ನಮಗೂ ತೋರಿಸಮ್ಮ," ಎಂದರು. ಮರುದಿನ ಬೆಳಿಗ್ಗೆ ಆ ಸಾಲಿನ ಹಳೆಯ ಕೊಡೆಯೊಂದರ ಕಪ್ಪು ಬಟ್ಟೆ ಚೂರುಚೂರಾಗಿ ಎಲ್ಲ ಹಿತ್ತಲಿಗೂ ಹೋಯಿತಂತೆ.

ಸೋಮವಾರ ಸಭಾಂಗಣದಲ್ಲಿ ರೇಣುಕಾಪ್ರಸಾದರ ಪಕ್ಕದಲ್ಲಿ ಹೊರಗಿನಿಂದ ಬಂದ ಹಿರಿಯ ಪ್ರಾಧ್ಯಾಪಕಿಯೊಬ್ಬರು ಕೂತಿದ್ದರು. ಸುಷ್ಮಾ ವೇದಿಕೆ ಹತ್ತಿದಳು. ಮೊದಲ ವಾಕ್ಯಕ್ಕೇ ತಡವರಿಸಿದಳು, ಹಿಂದೆ ಹೋದಳು, ಮತ್ತೆ ಮೊದಲಿನಿಂದ ಹೇಳಿದಳು. ನಾನು ಉಗುರು ಕಚ್ಚುತ್ತಿದ್ದೆ. ಮೊದಲು ನಾವು ಕೇಳಿ ಬರೆದುಕೊಂಡೆವು, ಅದು ತಪ್ಪಾಗಿತ್ತು, ತಪ್ಪು ನಮ್ಮದು ಎಂದು ಇಂಗ್ಲಿಷಿನಲ್ಲಿ ಹೇಳಿ, ಹಳೆಯ ಅಂಕಿಯನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿ ತೋರಿಸಿದಳು. ಹೊಸದು ಹಳೆಯದರ ಎರಡು ಪಟ್ಟಿಗಿಂತ ಹೆಚ್ಚಿತ್ತು. ತೀರ್ಮಾನದಲ್ಲಿ ಆ ಹಳೆಯ ವಾಕ್ಯ ಇರಲಿಲ್ಲ. ಈ ಹೆಂಗಸರಿಗೆ ಹಸು ಸಾಕಲು ಗೊತ್ತು, ನಮಗೆ ಕೇಳಲು ಗೊತ್ತಿರಲಿಲ್ಲ ಎಂದಿತ್ತು. ಆ ಇಂಗ್ಲಿಷ್ ವಾಕ್ಯವನ್ನು ನಾನು ತಿದ್ದಿಲ್ಲ. ತಿದ್ದುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

"ಮಡಕೆಗೂ ಅವರು ಸುಳ್ಳು ಬೀಜ ಹಾಕಿರಬಹುದಲ್ಲ?" ಎಂದು ಕೇಳಿದರು ಪ್ರಾಧ್ಯಾಪಕಿ.

"ಮಡಕೆ ಚೌಡಮ್ಮನ ಮುಂದೆ ಇತ್ತು ಮೇಡಂ. ಅಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ."

ಸಭೆಯಲ್ಲಿ ನಗು ಎದ್ದಿತು. "ಇದು ವೈಜ್ಞಾನಿಕವೇ?" ಎಂದರು ರೇಣುಕಾಪ್ರಸಾದ್.

ಅವಳು ಅವರ ಕಡೆ ತಿರುಗಿದಳು. "ಐ ಡು ನಾಟ್ ನೋ, ಸರ್. ಐ ವಿಲ್ ಫೈಂಡ್ ಔಟ್."

ಈ ಸಲ ಯಾರೂ ನಗಲಿಲ್ಲ. ರೇಣುಕಾಪ್ರಸಾದ್ ಮಾತ್ರ ಪರದೆಯ ಮೇಲಿನ ಗ್ರಾಫಿನ ಗೆರೆಯತ್ತ ಬೆರಳು ಮಾಡಿದರು. ಗುರುವಾರ ಗೆರೆ ಕೆಳಗಿಳಿದಿತ್ತು. ಯಾಕೆ ಎಂದು ಕೇಳಿದರು. ಒಂದು ಹಸುವಿಗೆ ಕೆಚ್ಚಲು ಬಾವು ಬಂತು ಎಂದಳು. ಯಾರ ಹಸು? ಹೇಳುವುದಿಲ್ಲ ಎಂದಳು. ಅವರು ಕನ್ನಡಕ ತೆಗೆದು, ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಬಂದರು.

"ನೋಡಮ್ಮ, ಮನೆ ಯಾವುದು ಅಂತ ಹೇಳಿದ್ರೆ ಆಸ್ಪತ್ರೇಲಿ ವಿಚಾರಿಸಿ ಖಚಿತ ಮಾಡ್ಕೊಳ್ತೀನಿ. ಇಲ್ಲ ಅಂದ್ರೆ ಇದನ್ನ ಅಪೂರ್ಣ ಅಂತ ಬರೀಬೇಕಾಗುತ್ತೆ."

ನನಗೆ ಎದ್ದು ಕೂಗಬೇಕು ಅನ್ನಿಸಿತು. ನಿಮ್ಮನೆಯದೇ ಹಸು ತಾನೆ, ಹೇಳಿಬಿಡು ಮಾರಾಯ್ತಿ. ಅವಳ ಅಮ್ಮ ಆ ಹಸುವಿನ ಲೆಕ್ಕದ ಮುಷ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದದ್ದನ್ನು ನಾನೂ ನೋಡಿದ್ದೆ, ಅವಳೂ ನೋಡಿದ್ದಳು. ಸುಷ್ಮಾ ಎರಡು ಕೈಗಳನ್ನೂ ಮೇಜಿನ ಮೇಲೆ ಊರಿದಳು.

"ಮಾತು ಕೊಟ್ಟಿದೀನಿ ಸರ್. ಯಾರ ಮನೆ, ಯಾವ ಹಸು ಅಂತ ಎಲ್ಲೂ ಬರಲ್ಲ ಅಂತ. ಅಪೂರ್ಣ ಅಂತ ಬರೀರಿ. ಮುಂದಿನ ವರ್ಷ ಕೂರ್ತೀನಿ."

ಆಗ ಪಕ್ಕದಲ್ಲಿದ್ದ ವೀರೇಂದ್ರ, ಅವನ ಪಾಲಿನ ಮಾತು ಮುಗಿದು ಬಹಳ ಹೊತ್ತಾಗಿದ್ದವನು, ಒಂದು ಹೆಜ್ಜೆ ಮುಂದೆ ಬಂದ. "ನಾನೂ ಕೂರ್ತೀನಿ ಸರ್. ಆನೆ ಎಲ್ಲೂ ಹೋಗಲ್ಲ," ಎಂದ.

ಪ್ರಾಧ್ಯಾಪಕಿಗೆ ಆನೆಯ ವಿಷಯ ತಿಳಿಯಲಿಲ್ಲ. ಆದರೂ ಮುಗುಳ್ನಕ್ಕು, ಸುಷ್ಮಾಳನ್ನು ಕೇಳಿದರು: "ಆ ಗುರುವಾರವನ್ನು ಬಿಟ್ಟು ಲೆಕ್ಕ ಹಾಕಿದರೆ ಸರಾಸರಿ ಎಷ್ಟು ಬದಲಾಗುತ್ತೆ?" ಅವಳು ಅದನ್ನು ಮೊದಲೇ ಲೆಕ್ಕ ಹಾಕಿ ಇಟ್ಟುಕೊಂಡಿದ್ದಳು, ತೋರಿಸಿದಳು. ಬದಲಾವಣೆ ಅತ್ಯಲ್ಪ. ಪ್ರಾಧ್ಯಾಪಕಿ ರೇಣುಕಾಪ್ರಸಾದರ ಕಡೆ ತಿರುಗಿ, ಹಾಗಾದರೆ ಮನೆಯ ಹೆಸರು ನಮಗೆ ಯಾಕೆ ಬೇಕು ಎಂದರು. ರೇಣುಕಾಪ್ರಸಾದ್ ಕನ್ನಡಕ ಹಾಕಿಕೊಂಡು ಆ ಗೆರೆಯನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಪಾಸು ಎಂದು ಬರೆದು, ಅಳತೆಯ ವಿಧಾನವನ್ನು ಇನ್ನಷ್ಟು ಪರಿಶೀಲಿಸಬೇಕು ಎಂದು ಕೆಳಗೆ ಸೇರಿಸಿದರು. ಅದೂ ಸರಿಯಾದ ಮಾತೇ.

ವೀರೇಂದ್ರ ಸಕ್ರೆಬೈಲಿಗೆ ಹೋಗಿ ಬಂದ. ಆನೆಯ ಸೊಂಡಿಲನ್ನು ತುರಿಸಿದೆ, ಅದು ಕತ್ತು ಚಾಚಲಿಲ್ಲ ಮೇಡಂ ಎಂದು ದೂರು ಹೇಳಿದ.

ಅದಾಗಿ ಸ್ವಲ್ಪ ದಿನಕ್ಕೆ ವಿಶಾಲಮ್ಮ ನನ್ನನ್ನು ಮನೆಗೆ ಕರೆದರು. ಈ ಸಲ ಬಸ್ಸಿನಲ್ಲೇ ಹೋದೆ. ಚಂದ್ರಿ ಹಿತ್ತಲಲ್ಲಿ ನೆಮ್ಮದಿಯಾಗಿ ಮೆಲುಕು ಹಾಕುತ್ತಿತ್ತು. ಸುಷ್ಮಾ ಆಗಷ್ಟೇ ಕರೆದು ಎದ್ದು, ಹಾಲಿನ ಪಾತ್ರೆಯ ಮೇಲೆ ಬಟ್ಟೆ ಮುಚ್ಚಿ ಒಳಗೆ ತಂದಳು. ಅದನ್ನು ಎರಡು ಕೈಯಲ್ಲಿ ಹಿಡಿದಿದ್ದಳು, ಭಾರಕ್ಕೆ ಭುಜ ಬಾಗಿತ್ತು. ಸ್ವಲ್ಪ ಹೊತ್ತಿಗೆ ಕಾಫಿ ಬಂತು. ಗೋಪಾಳದಲ್ಲಿ ಪ್ಯಾಕೆಟ್ ಹಾಲಿನಲ್ಲಿ ಕುಡಿಯುವ ನನಗೆ ಅಂಥ ಕಾಫಿ ಕುಡಿದು ಎಷ್ಟು ಕಾಲವಾಗಿತ್ತೋ. ನಾನು ಬೇಕೆಂದೇ ಕೇಳಿದೆ.

"ವಿಶಾಲಮ್ಮ, ಚಂದ್ರಿ ಈಗ ಎಷ್ಟು ಹಾಲು ಕೊಡುತ್ತೆ?"

"ಎಲ್ಲಿ ಬಿಡಿ ಮೇಡಂ," ಎಂದರು ಅವರು, ಸೆರಗು ಸರಿಮಾಡಿಕೊಳ್ಳುತ್ತ. "ಎರಡು ಲೀಟರ್ ಕೊಟ್ರೆ ಹೆಚ್ಚು. ಕರುವಿಗೇ ಸಾಲಲ್ಲ."

ನಾನು ಸುಷ್ಮಾಳ ಮುಖ ನೋಡಿದೆ. ಸಂಶೋಧನೆ ಮಾಡಿದವಳು, ಸತ್ಯಕ್ಕಾಗಿ ಒಂದು ವರ್ಷ ಬಿಡಲು ಸಿದ್ಧವಿದ್ದವಳು, ಪಾತ್ರೆಯ ಮೇಲಿನ ಬಟ್ಟೆಯನ್ನು ಇನ್ನಷ್ಟು ಎಳೆದು ಮುಚ್ಚಿದಳು.

"ಹೌದು ಮೇಡಂ, ಎರಡೇ," ಎಂದಳು.

ನಾನು ಇನ್ನೊಂದು ಲೋಟ ಕಾಫಿ ಕೇಳಿ ಇಸಿದುಕೊಂಡೆ.